ಕೊಬ್ಬರಿ ಕಮ್ಮಿ, ಬಿಸಿಲು ಜಾಸ್ತಿ: ಸಂಕ್ರಾಂತಿಗೆ ಮನೆಯಲ್ಲೇ ಕಟ್ಟುವ ಬುಟ್ಟಿ

ದೀಪಾವಳಿ ಹತ್ತಿರವಾದರೆ ಬೇಕರಿಗಳ ಮುಂದೆ ಬಣ್ಣದ ಕಾಗದ ಸುತ್ತಿದ ಡಬ್ಬಗಳು ಸಾಲಾಗಿ ಕೂರುತ್ತವೆ. ಒಂದನ್ನು ಬಿಚ್ಚಿ ನೋಡಿ: ದಪ್ಪ ರಟ್ಟು, ಅದರೊಳಗೆ ಪ್ಲಾಸ್ಟಿಕ್ ತಟ್ಟೆ, ತಟ್ಟೆಯ ಗುಳಿಗಳಲ್ಲಿ ನಾಲ್ಕಾರು ತುಂಡು ಸಿಹಿ. ನಾವು ದುಡ್ಡು ಕೊಟ್ಟಿದ್ದರಲ್ಲಿ ಬಾಯಿಗೆ ಹೋಗುವುದು ಎಷ್ಟು ಎಂದು ಕೇಳಿದರೆ ಅಂಗಡಿಯವರೇ ನಕ್ಕುಬಿಡುತ್ತಾರೆ. ಹಬ್ಬಕ್ಕೆ ತಿನಿಸು ತುಂಬಿ ಕೊಡುವುದು ನಮಗೆ ಬೇಕರಿಯವರು ಹೇಳಿಕೊಟ್ಟ ವಿದ್ಯೆಯಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬರುವ ಮೊರದ ಬಾಗಿನವೇ ಇದೆಯಲ್ಲ. ಅರಿಸಿನ ಹಚ್ಚಿ ಒಣಗಿಸಿದ ಎರಡು ಬಿದಿರ ಮೊರ. ಒಂದರಲ್ಲಿ ಅಕ್ಕಿ, ಬೇಳೆ, ರವೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ರವಿಕೆ ಕಣ. ಅದರ ಮೇಲೆ ಇನ್ನೊಂದರ ಮುಚ್ಚಳ. ಒಳಗಿನದ್ದು ಅಡುಗೆಗೆ ಬರುತ್ತದೆ, ಮೊರ ಅಕ್ಕಿ ಕೇರಲು ಬರುತ್ತದೆ. ಇದಕ್ಕಿಂತ ಜಾಣತನದ ಗಿಫ್ಟ್ ಪ್ಯಾಕನ್ನು ನಾನಂತೂ ಕಂಡಿಲ್ಲ.

ಚಾಮರಾಜನಗರ ತಾಲ್ಲೂಕಿನ ಹರವೆ ಹೋಬಳಿ ಇರಲಿ, ಪಕ್ಕದ ಗುಂಡ್ಲುಪೇಟೆ, ತೆರಕಣಾಂಬಿ ಸೀಮೆ ಇರಲಿ, ಇಂಥ ಬುಟ್ಟಿ ಕಟ್ಟಿ ಹಂಚಲು ವರ್ಷದಲ್ಲಿ ಒಳ್ಳೆಯ ಕಾಲ ಯಾವುದು ಎಂದರೆ ಸಂಕ್ರಾಂತಿ ಎನ್ನುತ್ತೇನೆ. ಜನವರಿ 14 ಅಥವಾ 15ಕ್ಕೆ ಬರುವ ಈ ಹಬ್ಬದ ಹೊತ್ತಿಗೆ ರಾಗಿ ಕೊಯ್ಲು ಮುಗಿದಿರುತ್ತದೆ, ಹುಚ್ಚೆಳ್ಳು ಮನೆಗೆ ಬಂದಿರುತ್ತದೆ, ಅವರೆಕಾಯಿ ಸೊಗಡು ತುಂಬಿ ನಿಂತಿರುತ್ತದೆ, ಬೆಟ್ಟದ ನೆಲ್ಲಿ ಸಂತೆಗೆ ಇಳಿದಿರುತ್ತದೆ, ಅರಿಸಿನ ಕೀಳಲು ಶುರುವಾಗಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮಳೆಯ ಕಾಟವಿಲ್ಲದ ಬಿಸಿಲಿರುತ್ತದೆ. ಕಮ್ಮಿ ಖರ್ಚಿನ ಬುಟ್ಟಿಯ ಗುಟ್ಟು ಇರುವುದೇ ಈ ಬಿಸಿಲಿನಲ್ಲಿ. ಒಣಗಿದ್ದು ಕೆಡುವುದಿಲ್ಲ, ಕೆಡದ್ದನ್ನು ಎರಡು ವಾರ ಮೊದಲೇ ಮಾಡಿಡಬಹುದು, ಮೊದಲೇ ಮಾಡುವವರು ಹಬ್ಬದ ಹಿಂದಿನ ದಿನ ಅಂಗಡಿಯವನು ಹೇಳಿದ ರೇಟಿಗೆ ತಲೆಬಾಗಬೇಕಿಲ್ಲ.

ಮೊದಲು ಚೀಟಿ ಬರೆದುಕೊಳ್ಳಿ. ಎಷ್ಟು ಮನೆ ಎನ್ನುವುದಕ್ಕಿಂತ ಆ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ಮುಖ್ಯ. ಹಲ್ಲಿಲ್ಲದ ಅತ್ತೆಗೆ ನಿಪ್ಪಟ್ಟು ಕೊಟ್ಟರೆ ಅದನ್ನು ತಿನ್ನುವವರು ಮೊಮ್ಮಕ್ಕಳೇ. ಸಕ್ಕರೆ ಕಾಯಿಲೆ ಇರುವ ಮಾವನಿಗೆ ಸಕ್ಕರೆ ಅಚ್ಚು ಕೊಟ್ಟರೆ ಅದನ್ನು ಅವರಿಂದ ಬಚ್ಚಿಡುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ. ಬಿಪಿ ಇರುವವರಿಗೆ ಉಪ್ಪಿನಕಾಯಿ ಬೇಡ. ಕಡಲೆಕಾಯಿ, ಎಳ್ಳು ಕೆಲವರ ಮೈಗೆ ಆಗುವುದಿಲ್ಲ, ಮೊದಲೇ ಕೇಳಿಕೊಳ್ಳಿ. ಚಿಕ್ಕ ಮಕ್ಕಳಿರುವ ಮನೆಗೆ ಎಳ್ಳು-ಬೆಲ್ಲ ಕೊಡುವಾಗ ಇಡೀ ಕಡಲೆಬೀಜ ಗಂಟಲಿಗೆ ಸಿಕ್ಕೀತು ಎಂದು ಒಂದು ಮಾತು ಹೇಳಿಯೇ ಕೊಡಬೇಕು.

ಇನ್ನು ಬುಟ್ಟಿ. ಮೇದರು ಹೆಣೆದ ಸಣ್ಣ ಬಿದಿರ ಬುಟ್ಟಿ, ಇಲ್ಲವೇ ಅಂಗೈಯಗಲದ ಆಟದ ಮೊರ ಸಂತೆಯಲ್ಲಿ, ಜಾತ್ರೆಯಲ್ಲಿ ಸಿಗುತ್ತದೆ. ಒಟ್ಟಿಗೆ ಹತ್ತು-ಹನ್ನೆರಡು ಕೊಂಡರೆ ರೇಟು ಇಳಿಸುತ್ತಾರೆ. ತಿಂಗಳು ಮೊದಲೇ ಹೇಳಿದರೆ ಬೇಕಾದ ಅಳತೆಗೆ ಹೆಣೆದೂ ಕೊಡುತ್ತಾರೆ. ಹೊಸ ಬುಟ್ಟಿಗೆ ಹಸಿ ಬಿದಿರಿನ ವಾಸನೆ ಇರುತ್ತದೆ, ತೇವವಿದ್ದರೆ ಬೂಷ್ಟು ಹಿಡಿಯುತ್ತದೆ. ಅದಕ್ಕೆ ಅರಿಸಿನದ ನೀರು ಬಳಿದು ಎರಡು ದಿನ ಬಿಸಿಲಿಗೆ ಕವುಚಿ ಹಾಕಿ. ಒಳಗೆ ಹಾಸಲು ಒಣಗಿದ ಮುತ್ತುಗದ ಎಲೆ ಆಗಬಹುದು, ಹಳೆಯ ಹತ್ತಿ ಸೀರೆಯನ್ನು ಒಗೆದು ಚೌಕವಾಗಿ ಹರಿದುಕೊಂಡರೂ ಆಗಬಹುದು. ಸುದ್ದಿಪತ್ರಿಕೆ ಬೇಡ, ಅದರ ಶಾಯಿ ಎಣ್ಣೆ ಪದಾರ್ಥಕ್ಕೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಎಚ್ಚರಿಸಿದೆ. ಮೇಲೆ ಸುತ್ತುವ ಮಿರಮಿರ ಪ್ಲಾಸ್ಟಿಕ್ ಹಾಳೆಯೂ ಬೇಡ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿದೆ; 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲಿ ಸಿಹಿ ಡಬ್ಬಕ್ಕೆ ಸುತ್ತುವ ತೆಳು ಹಾಳೆಯೂ ಸೇರಿದೆ. ಪುಡಿಗಳಿಗೆ ಹಾರ್ಲಿಕ್ಸ್ ಬಾಟಲಿ, ಜಾಮ್ ಬಾಟಲಿಗಳು ಮನೆಯಲ್ಲೇ ಇರುತ್ತವೆ. ಬಿಸಿನೀರಲ್ಲಿ ತೊಳೆದು, ಮುಚ್ಚಳ ಬೇರೆ ಮಾಡಿ, ದಿನವಿಡೀ ಬಿಸಿಲಲ್ಲಿಡಿ. ಬಾಟಲಿಯ ತಳದಲ್ಲಿ ಒಂದು ಹನಿ ನೀರು ಉಳಿದರೂ ಒಳಗಿನ ಪುಡಿ ಗಂಟು ಕಟ್ಟುತ್ತದೆ.

ಎಳ್ಳು-ಬೆಲ್ಲ, ನಿಧಾನವಾಗಿ

ಪೇಟೆಯ ಕಡೆ ಸಂಕ್ರಾಂತಿ ಎಂದರೆ ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಎಳ್ಳು ಬೀರುವುದು. ಹಳ್ಳಿಯ ಕಡೆ ದನಗಳ ಮೈ ತೊಳೆದು, ಸಿಂಗಾರ ಮಾಡಿ, ಸಂಜೆ ಕಿಚ್ಚು ಹಾಯಿಸುವುದು. ಈಗ ಎರಡೂ ಕಡೆ ಎರಡೂ ನಡೆಯುತ್ತವೆ. ಅಂಗಡಿಯಲ್ಲಿ ಸಿದ್ಧ ಎಳ್ಳು-ಬೆಲ್ಲ ಸಿಗುತ್ತದೆ, ನಿಜ. ಆದರೆ ಎಷ್ಟೋ ಸಲ ಅದರಲ್ಲಿ ತೂಕಕ್ಕೆಂದು ಸೇರಿಸಿದ ಹುರಿಗಡಲೆಯೇ ಹೆಚ್ಚು. ಮನೆಯಲ್ಲಿ ಮಾಡಿದರೆ ಉಳಿತಾಯವೂ ಹೌದು, ರುಚಿಯೂ ಹೌದು.

ಸಾಮಾನ್ಯವಾಗಿ ಕಡಲೆಬೀಜ, ಹುರಿಗಡಲೆ, ಕೊಬ್ಬರಿ, ಬೆಲ್ಲ ಸಮಸಮ, ಎಳ್ಳು ಅದರರ್ಧ ಎನ್ನುತ್ತಾರೆ. ಇದರಲ್ಲಿ ಕೈ ಸುಡುವುದು ಕೊಬ್ಬರಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಏರಿದ ವರ್ಷ ನಮ್ಮ ಎಳ್ಳಿನ ತಟ್ಟೆಯೂ ಏರುತ್ತದೆ. ಅದಕ್ಕೆ ಕೊಬ್ಬರಿಯನ್ನು ಅರ್ಧಕ್ಕೆ ಇಳಿಸಿ, ಆದರೆ ತೆಳ್ಳಗೆ ಹೆಚ್ಚಿ. ದಪ್ಪ ತುಂಡು ನಾಲ್ಕು ಕಾಣುವ ಕಡೆ ತೆಳು ಚೂರು ಹನ್ನೆರಡು ಕಾಣುತ್ತವೆ, ಬಾಯಿಗೂ ಪ್ರತಿ ಹಿಡಿಯಲ್ಲಿ ಸಿಗುತ್ತವೆ. ಕಡಲೆಬೀಜ, ಹುರಿಗಡಲೆ, ಬೆಲ್ಲ ತಲಾ ಒಂದು ಕಿಲೋ, ಎಳ್ಳು ಮತ್ತು ಕೊಬ್ಬರಿ ತಲಾ ಅರ್ಧ ಕಿಲೋ ತಂದರೆ ಒಟ್ಟು 4 ಕಿಲೋ. ಸಿಪ್ಪೆ, ಪುಡಿ, ಮಧ್ಯೆ ಮಕ್ಕಳ ಕೈಗೆ ಹೋದದ್ದು ಎಲ್ಲ ಕಳೆದು 150 ಗ್ರಾಂ ಲೆಕ್ಕದಲ್ಲಿ 23-24 ಪೊಟ್ಟಣವಾಗುತ್ತದೆ.

ಬೆಲ್ಲದಿಂದ ಶುರು ಮಾಡಬೇಕು, ಏಕೆಂದರೆ ಒಣಗಲು ಹೆಚ್ಚು ದಿನ ಬೇಕಿರುವುದು ಅದಕ್ಕೇ. ಆಲೆಮನೆಯ ಕಪ್ಪು ಮೆದು ಬೆಲ್ಲ ಪಾಯಸಕ್ಕೆ, ಹೋಳಿಗೆಗೆ ಬಲು ರುಚಿ. ಎಳ್ಳಿಗೆ ಮಾತ್ರ ಅದು ಬೇಡ; ಎರಡನೇ ದಿನಕ್ಕೇ ಬೆವರುತ್ತದೆ. ಗಟ್ಟಿ ಅಚ್ಚುಬೆಲ್ಲವನ್ನೇ ತನ್ನಿ. ಅಡಕತ್ತರಿಯಲ್ಲಿ ಮೊದಲು ಉದ್ದ ಪಟ್ಟಿ ಸೀಳಿಕೊಂಡು ಆಮೇಲೆ ಅಡ್ಡಕ್ಕೆ ಕತ್ತರಿಸಿದರೆ ಕಡಲೆಗಾತ್ರದ ಚೂರು ಬರುತ್ತವೆ. ಕತ್ತಿಗೆ ಬೆಲ್ಲ ಅಂಟುವಾಗ ಅಲಗಿಗೆ ಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಬಿಳಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿ ಮೂರು ದಿನ ಬಿಸಿಲು ತೋರಿಸಿ. ಜನವರಿಯ ಬೆಳಗಿನಲ್ಲಿ ಮಂಜು ಇರುತ್ತದೆ. ಎಂಟು ಗಂಟೆಗೇ ಹೊರಗಿಟ್ಟರೆ ಬೆಲ್ಲ ಮಂಜು ಕುಡಿಯುತ್ತದೆ. ಹತ್ತಕ್ಕೆ ಹಾಕಿ, ನಾಲ್ಕಕ್ಕೆ ಎತ್ತಿ. "ಬಿಸ್ಲು ಕಂಡ ಬೆಲ್ಲ ಅಂಟಲ್ಲ ಕಣವ್ವ" ಎಂದು ನಮ್ಮ ಕಡೆಯ ಅಜ್ಜಿಯರು ಸುಮ್ಮನೆ ಹೇಳುವುದಿಲ್ಲ.

ಕೊಬ್ಬರಿ ಗಿಟುಕಿನ ಕಂದು ಸಿಪ್ಪೆಯನ್ನು ತುರಿಮಣೆಯಲ್ಲೋ ಚಾಕುವಿನಲ್ಲೋ ಹೆರೆದು ತೆಗೆಯಬೇಕು. ಆ ಹೆರೆದ ಪುಡಿಯನ್ನು ಎಸೆಯಬೇಡಿ, ಆಮೇಲೆ ಕೆಲಸಕ್ಕೆ ಬರುತ್ತದೆ. ಕೊಳ್ಳುವಾಗಲೇ ಮೂಸಿ ನೋಡಿ. ಕಮಟು ವಾಸನೆ ಸ್ವಲ್ಪವೇ ಇದ್ದರೂ ಹತ್ತು ದಿನದಲ್ಲಿ ಇಡೀ ಪೊಟ್ಟಣ ಕಮಟಾಗುತ್ತದೆ. ಹೆಚ್ಚಿದ ಚೂರಿಗೆ ಒಂದೆರಡು ದಿನದ ಬಿಸಿಲು ಸಾಕು.

ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿಯಬೇಕು. ಸಿಪ್ಪೆ ಸಿಡಿದು, ಕೈಯಲ್ಲಿ ತಿಕ್ಕಿದರೆ ಜಾರುವಂತಾದಾಗ ಇಳಿಸಿ, ಪೂರ್ತಿ ಆರಿದ ಮೇಲೆ ಗೋಣಿಚೀಲದ ತುಂಡಿನಲ್ಲಿ ಹಾಕಿ ಉಜ್ಜಿದರೆ ಸಿಪ್ಪೆಯೂ ಹೋಗುತ್ತದೆ, ಬೀಜವೂ ಎರಡು ಹೋಳಾಗುತ್ತದೆ. ಮೊರದಲ್ಲಿ ಕೇರಿ. ಮುರುಟಿದ್ದು, ಕಪ್ಪಾದದ್ದು, ಬೂಷ್ಟಿನ ಬಣ್ಣ ಬಂದದ್ದು ಕಂಡರೆ ಹುರಿಯುವ ಮೊದಲೇ ಆರಿಸಿ ಬಿಸಾಡಿ. ಬೂಷ್ಟು ಹಿಡಿದ ಕಡಲೆಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಉಳಿತಾಯ ಮಾಡುವ ಜಾಗ ಇದಲ್ಲ. ಬಿಳಿ ಎಳ್ಳನ್ನು ತೊಳೆದು ಒಣಗಿಸಿ, ಚಟಪಟ ಎನ್ನುವವರೆಗೆ ಮಾತ್ರ ಹುರಿಯಿರಿ. ಬಣ್ಣ ತಿರುಗಿದರೆ ಕಹಿ. ಹುರಿಗಡಲೆಯನ್ನು ಬಿಸಿಲಲ್ಲಿಟ್ಟರೆ ಸಾಕು. ಎಲ್ಲ ಒಂದೇ ಹದಕ್ಕೆ ತಣ್ಣಗಾದ ಮೇಲೆ ಬೆರೆಸುವುದು. ಬಿಸಿ ಕಡಲೆಬೀಜಕ್ಕೆ ಬೆಲ್ಲ ಹಾಕಿದರೆ ಕರಗಿ ಮುದ್ದೆಯಾಗುತ್ತದೆ. ಮೋಡದ ವಾತಾವರಣವಿದ್ದರೆ ಬೆಲ್ಲವನ್ನು ಬೇರೆ ಸಣ್ಣ ಪೊಟ್ಟಣ ಮಾಡಿ ಬುಟ್ಟಿಯಲ್ಲಿಡಿ.

ಸಕ್ಕರೆ ಅಚ್ಚು ಬೇಕೇ ಬೇಕು ಎನ್ನುವವರಿಗೆ ಒಂದು ಮಾತು. ಹೊಸದಾಗಿ ಮರದ ಅಚ್ಚು ಕೊಳ್ಳಬೇಡಿ. ಬೀದಿಯಲ್ಲಿ ಯಾವುದಾದರೂ ಹಳೆಯ ಮನೆಯ ಅಟ್ಟದಲ್ಲಿ ಗಿಳಿ, ಆನೆ, ಬಸವ, ತುಳಸಿಕಟ್ಟೆಯ ಅಚ್ಚುಗಳು ಇದ್ದೇ ಇರುತ್ತವೆ. ಕೇಳಿದರೆ ಖುಷಿಯಿಂದ ಕೊಡುತ್ತಾರೆ, ಒಂದು ಗಿಳಿ ವಾಪಸು ಹೋದರೆ ಸಾಕು. ಅಚ್ಚುಗಳನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಎರಡು ಭಾಗ ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಒಂದು ಕಿಲೋ ಸಕ್ಕರೆಗೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಟ್ಟರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಬಟ್ಟೆಯಲ್ಲಿ ಸೋಸಿ. ಈ ಪಾಕದಲ್ಲಿ ಒಂದು ಸೌಟನ್ನಷ್ಟೇ ಸಣ್ಣ ಬಾಣಲೆಗೆ ತೆಗೆದುಕೊಂಡು ಕುದಿಸುತ್ತ, ತಿರುವುತ್ತ ಇರಬೇಕು. ಮೊದಲು ಗುಳ್ಳೆ ದೊಡ್ಡದಾಗಿರುತ್ತದೆ, ಆಮೇಲೆ ಚಿಕ್ಕದಾಗಿ ದಟ್ಟವಾಗುತ್ತದೆ, ಬಾಣಲೆಯ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಆ ಗಳಿಗೆಯೇ ಹದ. ಕೂಡಲೇ ಅಚ್ಚಿಗೆ ಸುರಿಯದೆ ಫೋನು ಎತ್ತಿದರೋ, ಬಾಣಲೆಯಲ್ಲಿ ಉಳಿಯುವುದು ಸಕ್ಕರೆ ಪುಡಿ. ಸುರಿದು ಹದಿನೈದು ನಿಮಿಷ ಬಿಟ್ಟು ಬಿಚ್ಚಿದರೆ ಗಿಳಿ ಕೊಕ್ಕಿನ ಸಮೇತ ಬರುತ್ತದೆ. ಪಾಕ ಬಲು ಸುಡು. ಮಕ್ಕಳನ್ನು ದೂರ ಕೂರಿಸಿ.

ರಾಗಿ ಹುರಿಹಿಟ್ಟು, ಖಾರದ ಪುಡಿ

ಇಡೀ ಬುಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗದ ತಿನಿಸು ರಾಗಿ ಹುರಿಹಿಟ್ಟು. ಬೆಂಗಳೂರಿನ ನಂಟರು ಮೊದಲು ಬಿಚ್ಚುವುದೂ ಅದನ್ನೇ. ಒಂದು ಕಿಲೋ ರಾಗಿಯನ್ನು ತೊಳೆದು ಕಲ್ಲು ಆರಿಸಿ, ಮೇಲೆ ನೀರು ಮಜ್ಜಿಗೆ ಚಿಮುಕಿಸಿ, ಕಾಳು ಕಾಳಿಗೂ ತೇವ ತಗಲುವಂತೆ ಕಲಸಿ ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ನೆರಳಲ್ಲಿ ಹರಡಿ. ಹಿಡಿಯಲ್ಲಿ ಹಿಡಿದರೆ ಅಂಟಬಾರದು, ಆದರೆ ಒಳಗೆ ತೇವ ಇರಬೇಕು. ದಪ್ಪ ತಳದ ಬಾಣಲೆಯಲ್ಲಿ ಮರಳು ಹಾಕಿ ಚೆನ್ನಾಗಿ ಕಾಯಿಸಿ ಒಂದೊಂದೇ ಹಿಡಿ ರಾಗಿ ಹಾಕಿ ಬಟ್ಟೆಯ ಉಂಡೆಯಿಂದ ತಿರುವಿದರೆ ಮಲ್ಲಿಗೆಯ ಮೊಗ್ಗಿನ ಹಾಗೆ ಅರಳುತ್ತದೆ. ಅರಳದೆ ಕೆಂಪಗಾದರೆ ಮರಳು ಕಾದಿಲ್ಲ ಎಂದರ್ಥ. ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಜಾಲಿಸಿ ಮರಳು ಬೇರ್ಪಡಿಸಿ; ಹಲ್ಲಿಗೆ ಒಂದು ಕಣ ಸಿಕ್ಕಿದರೂ ತಿನ್ನುವವರು ಮುಖ ಸಿಂಡರಿಸುತ್ತಾರೆ. ಮರಳಿನ ಗೋಜು ಬೇಡವೆಂದರೆ ಬರೀ ಬಾಣಲೆಯಲ್ಲೂ ಆಗುತ್ತದೆ, ಅರಳುವುದು ಸ್ವಲ್ಪ ಕಮ್ಮಿ.

ಮಿಲ್ಲಿಗೆ ಹೋಗುವಾಗ ಸರದಿ ನೋಡಿಕೊಳ್ಳಿ. ನಿಮ್ಮ ಮುಂದಿನವರು ಮೆಣಸಿನಕಾಯಿ ಬೀಸಿಸಿದ್ದರೆ ವಾಪಸು ಬಂದುಬಿಡುವುದು ವಾಸಿ. ಬೀಸಿದ ಹಿಟ್ಟು ಪೂರ್ತಿ ಆರಿದ ಮೇಲೆ ಬಾಟಲಿಗೆ ತುಂಬಿ. ಎರಡು ತಿಂಗಳು ಇರುತ್ತದೆ. ಬಾಟಲಿಯ ಕೊರಳಿಗೆ ಚೀಟಿ ಕಟ್ಟಿ: ಹಿಟ್ಟು, ಬೆಲ್ಲದ ಪುಡಿ, ತೆಂಗಿನ ತುರಿ, ಏಲಕ್ಕಿ, ಹಾಲಿನಲ್ಲೋ ಬಿಸಿನೀರಿನಲ್ಲೋ ಕಲಸಿ. ಬೆಲ್ಲ ಬೇಡದವರು ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿಕೊಳ್ಳಬಹುದು. ಬೇಯಿಸುವ ಕೆಲಸವೇ ಇಲ್ಲ. ಹಾಸ್ಟೆಲ್ ಹುಡುಗರಿಗೆ, ಒಂಟಿಯಾಗಿರುವ ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದನ್ನು ಕೊಡಲು ಕಷ್ಟ.

ಹುಚ್ಚೆಳ್ಳಿನ ಚಟ್ನಿಪುಡಿಯೂ ಅಷ್ಟೇ ಅಗ್ಗ. ಒಂದು ಲೋಟ ಹುಚ್ಚೆಳ್ಳು ಚಟಗುಟ್ಟುವವರೆಗೆ ಹುರಿದು ತೆಗೆಯಿರಿ. ಎಂಟು-ಹತ್ತು ಒಣಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಒಂದು ಗೆಡ್ಡೆ ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆ ಎಲ್ಲವನ್ನೂ ಬೇರೆಬೇರೆ ಬೆಚ್ಚಗೆ ಮಾಡಿ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿಮಾಡಿ. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಬೇಕು, ಇಲ್ಲದಿದ್ದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ. ಬೆಳ್ಳುಳ್ಳಿ ಹಸಿಯಾಗಿ ಹಾಕಿದರೆ ಘಮ ಜಾಸ್ತಿ, ಬಾಳಿಕೆ ಕಮ್ಮಿ. ಹಂಚುವುದಕ್ಕಾದರೆ ಗರಿಗರಿ ಹುರಿದೇ ಹಾಕಿ. ತಿಂಗಳೊಳಗೆ ಮುಗಿಸಲು ಹೇಳಿ.

ಹಿತಕಿದ ಅವರೆಕಾಳನ್ನು ಕರಿದು ಉಪ್ಪು, ಖಾರ, ಹುರಿದ ಬೆಳ್ಳುಳ್ಳಿ, ಕರಿಬೇವು ಬೆರೆಸಿದರೆ ಎರಡು ವಾರ ಗರಿಗರಿಯಾಗಿರುತ್ತದೆ. ಹಿತಕಿದ ಮೇಲೆ ಒಂದು ಗಂಟೆ ಬಟ್ಟೆಯ ಮೇಲೆ ಆರಿಸದೆ ಎಣ್ಣೆಗೆ ಹಾಕಬೇಡಿ, ಸಿಡಿಯುತ್ತದೆ. ಎಣ್ಣೆಯ ಸದ್ದು ನಿಂತ ಮೇಲೆಯೇ ಎತ್ತಿ. ಅವರೆ ಜೊತೆಗೆ ಅವಲಕ್ಕಿ, ಕಡಲೆಬೀಜ ಸೇರಿಸಿದರೆ ಒಂದು ಕಿಲೋ ಕಾಯಿಯ ಖರ್ಚಿನಲ್ಲಿ ಮೂರು ಪಟ್ಟು ತಿನಿಸು. ನಿಪ್ಪಟ್ಟು, ಕೋಡುಬಳೆ, ಚಕ್ಕುಲಿ ಎಲ್ಲರಿಗೂ ಗೊತ್ತಿರುವಂಥವು. ಅವುಗಳ ಬಗ್ಗೆ ಹೇಳುವುದು ಒಂದೇ, ಎಣ್ಣೆ ಖರ್ಚು ಲೆಕ್ಕ ಹಾಕಿದರೆ ಅವು ಅಗ್ಗವಲ್ಲ. ಒಂದು ಬುಟ್ಟಿಗೆ ಒಂದು ಕರಿದ ತಿಂಡಿ ಸಾಕು.

ಮಣ್ಣಿನದು, ಬೆಟ್ಟದ್ದು

ದೂರದವರಿಗೆ ಬುಟ್ಟಿ ಹೋಗುವುದಾದರೆ ನಮ್ಮ ಸೀಮೆಯ ಗುರುತೊಂದು ಅದರಲ್ಲಿರಲಿ. ಚಾಮರಾಜನಗರ ಜಿಲ್ಲೆ ಅರಿಸಿನಕ್ಕೆ ಹೆಸರಾದದ್ದು. ನಮ್ಮ ಕೊಂಬು ಗಡಿ ದಾಟಿ ಈರೋಡಿನ ಮಾರುಕಟ್ಟೆಗೂ ಹೋಗುತ್ತದೆ. ಆದರೆ ಸಂಕ್ರಾಂತಿಗೆ ಹೊಸ ಅರಿಸಿನದ ಪುಡಿ ಕೊಡುತ್ತೇನೆ ಎಂದು ಹೊರಟರೆ ಆಗದು. ಕಿತ್ತ ಗೆಡ್ಡೆ ಬೇಯಬೇಕು, ಹತ್ತು-ಹದಿನೈದು ದಿನ ಒಣಗಬೇಕು, ಪಾಲಿಶ್ ಆಗಬೇಕು, ಅಲ್ಲಿಗೆ ಹಬ್ಬ ಕಳೆದಿರುತ್ತದೆ. ಹಾಗಾಗಿ ಹೋದ ವರ್ಷದ ಕೊಂಬು ಮನೆಯಲ್ಲಿದ್ದರೆ ಬೀಸಿಸಿ 100 ಗ್ರಾಂ ಕೊಡಿ, ಇಲ್ಲದಿದ್ದರೆ ಆಗಷ್ಟೇ ಕಿತ್ತ ಹಸಿ ಅರಿಸಿನವನ್ನು ಎಲೆಯ ಸಮೇತ ಬುಟ್ಟಿಯ ಬದಿಗೆ ಕಟ್ಟಿ. ಗಡಿಯಾಚೆಯ ತಾಳವಾಡಿ, ಸತ್ಯಮಂಗಲದ ಕಡೆ ಪೊಂಗಲ್ ಮಡಕೆಯ ಕೊರಳಿಗೆ ಕಟ್ಟುವುದು ಇದೇ ಹಸಿ ಅರಿಸಿನದ ಗಿಡವನ್ನು. ನೋಡಲು ಯಾವ ರಿಬ್ಬನ್ನೂ ಇದರ ಮುಂದೆ ನಿಲ್ಲದು. ಗೆಡ್ಡೆಯನ್ನು ನಿಂಬೆರಸ, ಉಪ್ಪಿನಲ್ಲಿ ನೆನೆಸಿ ಉಪ್ಪಿನಕಾಯಿ ಮಾಡಿಕೊಳ್ಳಬಹುದು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರುವ ಜೇನು ಸಿಕ್ಕರೆ ಸಣ್ಣ ಬಾಟಲಿಯೊಂದನ್ನು ಇಡಬಹುದು. ಇದು ಅಗ್ಗವಲ್ಲ, ಮನೆಗೊಬ್ಬ ವಿಶೇಷ ನಂಟರಿರುತ್ತಾರಲ್ಲ ಅವರಿಗೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು ಎಂದು ಚೀಟಿಯಲ್ಲಿ ಬರೆಯಿರಿ, ವೈದ್ಯರು ಇದನ್ನು ಒತ್ತಿ ಹೇಳುತ್ತಾರೆ. ಬೆಟ್ಟದ ನೆಲ್ಲಿಯನ್ನು ತುರಿದು, ಉಪ್ಪು, ಶುಂಠಿ, ಜೀರಿಗೆ ಕಲಸಿ, ಗರಿಗರಿಯಾಗುವ ತನಕ ಒಣಗಿಸಿದರೆ ನೆಲ್ಲಿ ಅಡಿಕೆ. ತಿಂಗಳುಗಟ್ಟಲೆ ಇರುತ್ತದೆ, ಊಟವಾದ ಮೇಲೆ ಬಾಯಿಗೆ ಹಾಕಿಕೊಳ್ಳಲು ಹಿರಿಯರಿಗೆ ಹೇಳಿ ಮಾಡಿಸಿದ್ದು. ಗುಂಡ್ಲುಪೇಟೆ ಕಡೆ ಕೇರಳದ ಮಾರುಕಟ್ಟೆಗೆಂದು ನೇಂದ್ರ ಬಾಳೆ ಬೆಳೆಯುತ್ತಾರೆ. ತೋಟದಲ್ಲೇ ಗೊನೆ ಕೊಂಡು ಚಿಪ್ಸ್ ಕರಿದುಕೊಂಡರೆ ಅಂಗಡಿಯದಕ್ಕಿಂತ ಎಷ್ಟೋ ವಾಸಿ.

ಬುಟ್ಟಿಗೆ ಬೇಡವಾದದ್ದು: ಖೋವಾ ಸಿಹಿ, ಹಸಿ ತೆಂಗಿನಕಾಯಿ ಹಾಕಿದ ಉಂಡೆ, ಹೋಳಿಗೆ. ಇವು ಮನೆಗೆ ಬಂದವರಿಗೆ ತಟ್ಟೆಯಲ್ಲಿ ಕೊಡುವಂಥವು. ಕಜ್ಜಾಯ ಮಾತ್ರ ಹೊರತು, ಹದವಾದ ಪಾಕದ್ದಾದರೆ ಹತ್ತು ದಿನ ಜಪ್ಪಯ್ಯ ಎನ್ನುವುದಿಲ್ಲ.

ಹಿರಿಯರಿಬ್ಬರೇ ಇರುವ ಮನೆಗೆ ಹುರಿಹಿಟ್ಟು ಅರ್ಧ ಕಿಲೋ, ನೆಲ್ಲಿ ಅಡಿಕೆ, ಎಳ್ಳು ಒಂದು ಸಣ್ಣ ಪೊಟ್ಟಣ ಹೋದರೆ ಸಾಕು. ಮಕ್ಕಳ ಮನೆಗೆ ಎಳ್ಳು-ಬೆಲ್ಲ, ಸಕ್ಕರೆ ಗಿಳಿ, ಅವರೆಕಾಳು, ಒಂದು ಜಲ್ಲೆ ಕಬ್ಬು. ಪಟ್ಟಣದಲ್ಲಿ ಕೆಲಸ ಮಾಡುವ ಜೋಡಿಗೆ ಚಟ್ನಿಪುಡಿ, ಹುರಿಹಿಟ್ಟು, ಅರಿಸಿನ. ಪ್ರತಿ ಬಾಟಲಿಯ ಮೇಲೂ ಏನು, ಯಾವತ್ತು ಮಾಡಿದ್ದು, ಎಂದಿನೊಳಗೆ ತಿನ್ನಬೇಕು ಎಂದು ಕೈಬರಹದಲ್ಲಿ ಅಂಟಿಸಿ. ದೂರದ ಊರಿಗಾದರೆ ಕೆಎಸ್‌ಆರ್‌ಟಿಸಿಯವರು 2021ರಲ್ಲಿ ಶುರು ಮಾಡಿದ ನಮ್ಮ ಕಾರ್ಗೋ ಮೂಲಕ ಬಸ್ಸಿನಲ್ಲೇ ಕಳಿಸಬಹುದು. ಬಾಟಲಿಗಳ ನಡುವೆ ಹಳೆಯ ಬಟ್ಟೆ ತುರುಕಿ, ಬುಟ್ಟಿಯನ್ನು ರಟ್ಟಿನ ಡಬ್ಬದೊಳಗಿಟ್ಟು ಕಟ್ಟಿ. ಸಕ್ಕರೆ ಅಚ್ಚನ್ನು ಮಾತ್ರ ಬಸ್ಸಿಗೆ ಹಾಕಬೇಡಿ.

ನಾಲ್ಕು ಮನೆಯವರು ಇಲ್ಲವೇ ಒಂದು ಸ್ತ್ರೀಶಕ್ತಿ ಸಂಘದವರು ಸೇರಿದರೆ ಖರ್ಚು ಇನ್ನೂ ಇಳಿಯುತ್ತದೆ. ಮೂಟೆ ಲೆಕ್ಕದಲ್ಲಿ ಕಡಲೆಕಾಯಿ, ಒಂದೇ ಸಲ ಮಿಲ್ಲು, ಒಬ್ಬರು ಬೆಲ್ಲ ಕತ್ತರಿಸುವವರು, ಒಬ್ಬರು ಹುರಿಯುವವರು. ಹಂಚಲು ಮಾಡಿದ್ದು ಹಂಚಿಕೆಗೇ ಇರಲಿ; ನಾಲ್ಕು ಜನ ಕೇಳಿದರೆಂದು ಮಾರಲು ಹೊರಟರೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮಾಡಿಸಲೇಬೇಕು.

ಬುಟ್ಟಿಗಳು ಹೋದ ಮೇಲೆ ಅಡುಗೆಮನೆಯಲ್ಲಿ ಉಳಿಯುವುದೂ ಕಮ್ಮಿಯೇನಲ್ಲ. ಕೊಬ್ಬರಿಯ ಕಂದು ತುರಿಯನ್ನು ಬೆಚ್ಚಗೆ ಮಾಡಿ ಒಣಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಕುಟ್ಟಿದರೆ ರೊಟ್ಟಿಗೆ ಪುಡಿ. ಬೆಲ್ಲದ ನುಚ್ಚು ಹುರಿಹಿಟ್ಟಿಗೆ. ಒಡೆದ ಸಕ್ಕರೆ ಗಿಳಿಗಳು ಮುಂದಿನ ತಿಂಗಳ ಕಾಫಿಗೆ. ಕಡಲೆಬೀಜದ ಸಿಪ್ಪೆ ಗಿಡದ ಬುಡಕ್ಕೆ.